ಸೊನ್ನೆ ಬರೆಯದ ಹನ್ನೊಂದು ದಿನ

ಹರಿದ ಚೀಲ ಹೊಲಿಯುವುದು ಅವಳ ಕೆಲಸವಲ್ಲ. ಆದರೆ ಬೇಡವೆನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕು, ಅದು ಅವಳಲ್ಲಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದವಳು ಬಿಳಿ ತೆಳುಬಟ್ಟೆಯ ಚೀಲಗಳನ್ನು ಮೇಜಿನ ಮೇಲೆ ರಾಶಿ ಹಾಕಿಕೊಂಡು ಕೂತಿದ್ದಳು. ಸೂರ್ಯಕಾಂತಿ ಅರಳುವ ಮುನ್ನ ಕೆಲವು ತೆನೆಗಳಿಗೆ ಈ ಚೀಲ ತೊಡಿಸಿ ಕುತ್ತಿಗೆಗೆ ದಾರ ಬಿಗಿಯುತ್ತಾರೆ. ಗಾಳಿ ಬೆಳಕು ಒಳಗೆ ಹೋಗಬೇಕು, ಹುಳ ಹೋಗಬಾರದು. ಹುಳ ಮುಟ್ಟಿದ ತೆನೆಯಲ್ಲಿ ಕಾಳೆಷ್ಟು, ಮುಟ್ಟದ ತೆನೆಯಲ್ಲಿ ಎಷ್ಟು ಎಂದು ಕೊನೆಗೆ ಬಿಡಿಸಿ ನೋಡುತ್ತಾರೆ. ಒಂದು ತೂತಿದ್ದರೂ ಸಾಕು, ಪುಟ್ಟ ಜೇನೊಂದು ನುಸುಳಿ ಇಡೀ ಪರೀಕ್ಷೆಯನ್ನು ಕೆಡಿಸುತ್ತದೆ. ಹಾಗೆಂದು ಅವಳು ಒಂದೊಂದು ಚೀಲದೊಳಗೂ ಕೈ ಹಾಕಿ ಕಿಟಕಿಯ ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದಳು. ಬಟ್ಟೆಯಾಚೆಗೆ ಕಾಣುವ ಬೆರಳುಗಳು ಬೇರೆ ಯಾರದೋ ಬೆರಳುಗಳಂತಿದ್ದವು. ಸೂಜಿ ಒಮ್ಮೆ ಚುಚ್ಚಿತು. ರಕ್ತ ಬಂತೇ ಎಂದು ನೋಡಿದಳು, ಬಂದಿತ್ತು. ನೋವಾಯಿತೇ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಚೀಲ ಎತ್ತಿಕೊಂಡಳು. ಇಡೀ ಕೃಷಿ ಸಂಶೋಧನಾ ಕೇಂದ್ರ ಅವಳನ್ನು ಹುಳದಕ್ಕ ಎನ್ನುತ್ತಿತ್ತು. ಹೂವಿನ ಕಾಲದಲ್ಲಿ ಒಂದೊಂದು ತೆನೆಯ ಮುಂದೆ ಐದೈದು ನಿಮಿಷ ನಿಂತು, ಬಂದು ಕೂತ ಹುಳ ಎಷ್ಟು, ಯಾವ ಜಾತಿಯದು ಎಂದು ಎಣಿಸಿ ಬರೆಯುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಮೊದಮೊದಲು ಹಾಗೆ ಕರೆಸಿಕೊಳ್ಳುವಾಗ ಮುಜುಗರವಾಗುತ್ತಿತ್ತು, ಆಮೇಲೆ ಹೆಮ್ಮೆಯಾಗುತ್ತಿತ್ತು, ಈಗ ಯಾರೋ ಪಕ್ಕದ ಕೋಣೆಯವರನ್ನು ಕರೆದಂತೆ ಕೇಳಿಸುತ್ತದೆ.

"ಅಕ್ಕಾ" ಎಂದಾಗಲೂ ಅವಳು ತಲೆ ಎತ್ತಲಿಲ್ಲ. ಎರಡನೆಯ ಸಲ ಕೂಗಿದಾಗ ಬಾಗಿಲ ಕಡೆ ನೋಡಿದಳು. ತಮ್ಮ ನಿಂತಿದ್ದ. ಅವಳ ಕೆಲಸದ ಜಾಗಕ್ಕೆ ಎಂದೂ ಬಂದವನಲ್ಲ. ಚಪ್ಪಲಿಯನ್ನು ಹೊರಗೆ ಬಿಡಬೇಕೋ ಹಾಕಿಕೊಂಡೇ ಬರಬೇಕೋ ತಿಳಿಯದೆ ಒಂದನ್ನು ಬಿಟ್ಟು, ಅಟೆಂಡರು ನಕ್ಕಿದ್ದು ನೋಡಿ ಮತ್ತೆ ಮೆಟ್ಟಿಕೊಂಡು ಒಳಗೆ ಬಂದ. ಕಂಕುಳಲ್ಲಿ ಸುದ್ದಿಪತ್ರಿಕೆಯಲ್ಲಿ ಸುತ್ತಿದ ಏನೋ ಇತ್ತು. ಬಿಚ್ಚಿ ಚೀಲಗಳ ರಾಶಿಯ ಪಕ್ಕದಲ್ಲಿ ಇಟ್ಟ. ಊಟದ ತಟ್ಟೆಯಷ್ಟು ಅಗಲದ ಒಣಗಿದ ತೆನೆ.

"ಒಂಚೂರು ಇದನ್ನ ನೋಡು."

ನೋಡುವುದಕ್ಕೆ ಏನೂ ಉಳಿದಿರಲಿಲ್ಲ, ಮೊದಲ ನೋಟಕ್ಕೇ ಅವಳಿಗೆ ಎಲ್ಲ ತಿಳಿದಿತ್ತು. ಸೂರ್ಯಕಾಂತಿ ಒಂದು ಹೂವಲ್ಲ. ಸಾವಿರ ಸಣ್ಣ ಹೂಗಳ ಊರು. ಅಂಚಿನಿಂದ ಶುರುವಾಗಿ ದಿನಕ್ಕೊಂದು ಸುತ್ತು ಒಳಗೆ ಒಳಗೆ ಅರಳುತ್ತ ಹೋಗುತ್ತದೆ. ತನ್ನ ಪರಾಗದ ಪುಡಿ ತನಗೆ ಒಗ್ಗದು, ಬೇರೆ ಗಿಡದ್ದನ್ನು ಯಾರಾದರೂ ತಂದುಕೊಡಬೇಕು. ತಂದುಕೊಡುವವರು ಬಂದ ದಿನದ ಸುತ್ತಿನಲ್ಲಿ ಕಾಳು ಕಟ್ಟಿರುತ್ತದೆ, ಬಾರದ ದಿನದ ಸುತ್ತಿನಲ್ಲಿ ಇಲ್ಲ. ಒಣಗಿದ ಮೇಲೂ ತೆನೆಯನ್ನು ದಿನಚರಿಯ ಹಾಗೆ ಓದಬಹುದು. ಈ ತೆನೆಯ ಅಂಚಿನಲ್ಲಿ ಎರಡು ಬೆರಳು ಅಗಲ ಕಾಳು ಕಪ್ಪಗೆ ಬಿರುಸಾಗಿತ್ತು. ಅಲ್ಲಿಂದ ಒಳಗೆ ತಮ್ಮ ಹೆಬ್ಬೆರಳಿನಿಂದ ಒತ್ತಿದ, ಪುಸಕ್ಕೆಂದು ಕುಸಿಯಿತು.

"ಸಿಪ್ಪೆ ಇದೆ, ಒಳಗೆ ಯಾರೂ ಇಲ್ಲ" ಎಂದ. "ಮನೆ ಕಟ್ಟಿ, ಬೀಗ ಹಾಕ್ಕೊಂಡು ಎಲ್ಲೋ ಹೋದಂಗಿದೆ."

"ಎಲ್ಲಾ ತೆನೆನೂ ಹೀಗೇನಾ?"

"ನಂದೊಂದೇ ಅಲ್ಲ, ನಮ್ಮ ಕಡೆ ಎಲ್ಲಾರ್ದೂ. ಗಾಣದವನ ಹತ್ರ ಒಂದು ಮೂಟೆ ತಗೊಂಡು ಹೋಗಿದ್ದೆ. ಬೊಗಸೇಲಿ ಎತ್ತಿ ಊದಿದ, ಅರ್ಧ ಹಾರಿಹೋಯ್ತು. 'ಎಣ್ಣೆ ತೆಗೆಸೋಕೆ ತಂದ್ಯೋ, ದಿಂಬು ತುಂಬಿಸೋಕೆ ತಂದ್ಯೋ' ಅಂದ. ಇದ್ದೋರೆಲ್ಲ ನಕ್ರು. ನಾನೂ ನಕ್ಕೆ, ಇನ್ನೇನ್ ಮಾಡ್ಲಿ."

"ಹೂವಾದಾಗ ಹುಳ ಬಂದಿದ್ವಾ?" ಕೇಳಬಾರದ ಪ್ರಶ್ನೆ. ಇಪ್ಪತ್ತೆರಡು ವರ್ಷದ ಅಭ್ಯಾಸ ನಾಲಿಗೆಯಿಂದ ತಾನಾಗಿ ಉದುರಿತ್ತು.

"ಅದನ್ನೇ ನಿನ್ನ ಕೇಳೋಣ ಅಂತ ಬಂದೆ. ಒಂದಿನ ನಾನೂ ನಿಂತು ನೋಡ್ದೆ ಅಕ್ಕಾ, ನೀನು ನಿಲ್ತೀಯಲ್ಲ ಹಂಗೆ, ಗಡಿಯಾರ ಹಿಡ್ಕೊಂಡು. ಒಂದು ತೆನೇಲಿ ಒಂದು ಬಂತು, ಅದೂ ನೊಣ. ಇನ್ನೊಂದ್ರಲ್ಲಿ ಏನೂ ಇಲ್ಲ. ಇನ್ನೊಂದ್ರಲ್ಲೂ ಇಲ್ಲ. ನಿಮ್ಮ ಪುಸ್ತಕದಲ್ಲಿ ತೆನೆಗೆ ಆರು ಬರ್ತವೆ ಅಂತ ಇದೆ." ಅವನು ತೆನೆಯನ್ನು ಅಂಗೈಯಲ್ಲಿ ಸವರಿದ. "ನಂಗೆ ನೋಡೋಕೆ ಬರಲ್ಲ ಅಂದ್ಕೊಂಡು ಮನೆಗೆ ಹೋದೆ."

ಕೇಂದ್ರದವರು ಈ ವರ್ಷ ಬೆಳೆಗಾರರಿಗೆ ಹಂಚಿದ ಆ ಪುಸ್ತಕ ಹತ್ತೇ ಪುಟದ್ದು. ಹಳದಿ ರಟ್ಟು, ಮೇಲೆ ಹೂವಿನ ಚಿತ್ರ. ಈ ಭಾಗದಲ್ಲಿ ಕಾಡುಜೇನು, ಒಂಟಿಜೇನು, ದುಂಬಿ ಸಾಕಷ್ಟಿವೆ; ಹೂವಿನ ಕಾಲದಲ್ಲಿ ಸಾಕುಜೇನಿನ ಪೆಟ್ಟಿಗೆ ತರಿಸಿ ಇಡುವ ಅಗತ್ಯವಿಲ್ಲ ಎಂದು ಅದರ ಏಳನೆಯ ಪುಟದಲ್ಲಿ ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಎಣಿಕೆ ಮಾಡಿದವರ ಹುದ್ದೆ. ಆ ಹುದ್ದೆಯಲ್ಲಿ ಇದ್ದವಳು ಅವಳೊಬ್ಬಳೇ. ಪ್ರತಿವರ್ಷ ಹೂ ಬಿಡುವ ಮುನ್ನ ಜೇನುಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಬದುವಿನ ಮೇಲೆ ಸಾಲಾಗಿ ಇಡುತ್ತಿದ್ದ ಪೆಟ್ಟಿಗೆಯಣ್ಣ ಈ ವರ್ಷ ಬರಲಿಲ್ಲ, ಬೆಟ್ಟದಾಚೆಯ ಸಾಸಿವೆ ಹೊಲಗಳ ಕಡೆ ಹೋದ.

"ಪೆಟ್ಟಿಗೆಯಣ್ಣಂಗೆ ಬೇಡ ಅಂದಿದ್ದು ನಾನೇ" ಎಂದ ತಮ್ಮ. "ಅಕ್ಕಪಕ್ಕದೋರು ಇರ್ಲಿ ಇರ್ಲಿ ಅಂತಿದ್ರು. ನಮ್ಮಕ್ಕ ಬಿಸಿಲಲ್ಲಿ ನಿಂತು ಒಂದೊಂದೇ ಎಣಿಸಿದಾಳೆ ಕಣ್ರಯ್ಯಾ, ಅವಳು ಬರೆದಿದ್ರೆ ದೇವರು ಬರೆದಂಗೆ ಅಂದೆ."

ಅವಳು ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟಳು. ಏನಾದರೂ ಆಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ ಎಂದು ಕಾದಳು. ಹೊರಗೆ ಯಾರೋ ಬಕೆಟ್ಟನ್ನು ನೆಲದ ಮೇಲೆ ಎಳೆಯುತ್ತಿದ್ದರು. ಆ ಸದ್ದು ಈ ಕಿವಿಯಿಂದ ಹೊಕ್ಕು ಆ ಕಿವಿಯಿಂದ ಹೊರಬಿತ್ತು, ಅಷ್ಟೇ.

ಕೇಂದ್ರದ ಮುಖ್ಯಸ್ಥರು ಇಬ್ಬರನ್ನೂ ಒಳಗೆ ಕರೆದರು. ಕೆಟ್ಟವರಲ್ಲ. ಅವಳ ಗಂಡ ಹೋದಾಗ ಮನೆಯವರೆಗೂ ಬಂದು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು. ಈಗ ಅವರ ಮೇಜಿನ ಮೇಲೆ ಮೇಲಿನವರ ಪತ್ರವಿತ್ತು, ಮಧ್ಯಾಹ್ನ ಮೂರಕ್ಕೆ ಬೆಳೆಗಾರರ ಸಭೆಯಿತ್ತು, ಅಷ್ಟರೊಳಗೆ ಜೊಳ್ಳಿಗೆ ಒಂದು ಕಾರಣ ಬೇಕಿತ್ತು. ತೆನೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಹುಳ ಬಾರದ ಜೊಳ್ಳೇ. ಅನುಮಾನ ಇಲ್ಲ" ಎಂದರು. ಆಮೇಲೆ ಕನ್ನಡಕ ತೆಗೆದು, "ಹೂವಿದ್ದಾಗ ಔಷಧಿ ಹೊಡೆದ್ಯಾ?" ಎಂದರು.

"ಇಲ್ಲ ಸಾರ್."

"ಯಾರೋ ಒಬ್ಬರು ಹೊಡೆದಿರ್ತೀರಿ. ಒಬ್ಬ ಹೊಡೆದ್ರೆ ಸಾಕಪ್ಪಾ, ಸುತ್ತಮುತ್ತಲ ಹುಳ ಎಲ್ಲಾ ಹೋಗ್ತವೆ."

"ಯಾರೂ ಹೊಡ್ದಿಲ್ಲ ಸಾರ್. ಹುಳಾನೇ ಬರ್ಲಿಲ್ಲ."

"ಬರದೆ ಏನು? ಅಲ್ಲಿ ಹುಳ ಇವೆ ಅಂತ ಎಣಿಸಿದೋರು ನಿಮ್ಮಕ್ಕನೇ. ಐನೂರೈವತ್ತು ಸಲ ನೋಡಿದಾರೆ. ಒಂದು ಸಲಾನೂ ಸೊನ್ನೆ ಇಲ್ಲ. ನಾನು ಎಷ್ಟು ಕಡೆ ಹೇಳಿದೀನಿ ಗೊತ್ತಾ ಅದನ್ನ? ಈಗ ನಿಮ್ಮಕ್ಕನ ಲೆಕ್ಕ ಸುಳ್ಳು ಅಂತೀಯಾ?"

ತಮ್ಮ ಅವಳತ್ತ ನೋಡಿದ. "ಹಂಗಂತೀನಾ ಸಾರ್" ಎಂದ. ಚಿಕ್ಕವನಿದ್ದಾಗ ಒಡೆದ ಲೋಟವನ್ನು ಹಿಂದೆ ಬಚ್ಚಿಟ್ಟುಕೊಂಡು ಅಮ್ಮನ ಮುಂದೆ ನಿಂತಂತೆ ನಿಂತಿದ್ದ, ಲೋಟ ಒಡೆದವಳು ಮಾತ್ರ ಅವಳು.

ದಾಸ್ತಾನು ಕೋಣೆಯಿಂದ ಅವಳು ಎಣಿಸಬೇಕಿದ್ದ ತೆನೆಗಳಿಗೆ ಇಪ್ಪತ್ತು ಹೆಜ್ಜೆ. ತಮ್ಮನ ಊರಿನ ಮಗ್ಗುಲಲ್ಲೇ ಕೇಂದ್ರದ ಪರೀಕ್ಷಾ ಹೊಲವಿತ್ತು, ಅದರ ಮೂಲೆಯಲ್ಲಿ ತಗಡಿನ ಮಾಡಿನ ಆ ಕೋಣೆ. ಎರಡು ವರ್ಷದ ಹಿಂದೆ, ಗಂಡ ಹೋದ ಹದಿನಾರನೆಯ ದಿನ, ಅವಳು ಗಡಿಯಾರ, ಎಣಿಕೆಯ ಪುಸ್ತಕ, ಬೆರಳಲ್ಲಿ ಒತ್ತಿ ಎಣಿಸುವ ಯಂತ್ರ ಎಲ್ಲ ತೆಗೆದುಕೊಂಡು ಹೋಗಿ ಆ ಕೋಣೆಯಲ್ಲಿ ಗೊಬ್ಬರದ ಮೂಟೆಗಳ ಮೇಲೆ ಕೂತಳು. ಒಂದು ಗಳಿಗೆ ಕೂತು ಏಳೋಣ ಎಂದುಕೊಂಡಳು. ಕಿಟಕಿಯಿಂದ ಹೊಲ ಕಾಣುತ್ತಿತ್ತು, ಸಾವಿರಾರು ಹಳದಿ ಮುಖಗಳು ಒಂದೇ ಕಡೆ ನೋಡುತ್ತಿದ್ದವು. ಅವು ತನ್ನ ಕಡೆ ನೋಡುತ್ತಿಲ್ಲ ಎಂಬುದೇ ಸಮಾಧಾನವಾಗಿತ್ತು. ಎಂಟು ಗಂಟೆಯ ಎಣಿಕೆಯ ಹೊತ್ತು ಕಳೆಯಿತು. ಹತ್ತು ಗಂಟೆಯದೂ ಕಳೆಯಿತು. ಯಾರೂ ಬರಲಿಲ್ಲ, ಯಾರೂ ಕೇಳಲಿಲ್ಲ. ಹನ್ನೆರಡಕ್ಕೆ ಪುಸ್ತಕ ತೆರೆದು, ಹೊತ್ತಿಗೆ ಹತ್ತು ತೆನೆಯಂತೆ ದಿನದ ಐದೂ ಹೊತ್ತಿನ ಅಂಕಿ ಬರೆದಳು. ಕೈ ಅದರ ಪಾಡಿಗೆ ಬರೆಯಿತು: ಬೆಳಿಗ್ಗೆ ಕಡಿಮೆ, ಹತ್ತಕ್ಕೆ ಜಾಸ್ತಿ, ಮಧ್ಯಾಹ್ನ ಇಳಿಮುಖ, ಸಂಜೆ ಮತ್ತೆ ಸ್ವಲ್ಪ. ಇಷ್ಟು ವರ್ಷದಲ್ಲಿ ಅದಕ್ಕೆ ಎಲ್ಲ ಗೊತ್ತಿತ್ತು. ಒಂದೇ ಒಂದನ್ನು ಮಾತ್ರ ಅದು ಬರೆಯಲಿಲ್ಲ. ನಿಜವಾಗಿ ನಿಂತು ನೋಡುವವರಿಗೆ ಗೊತ್ತು, ಎಷ್ಟು ಹುಳವಿರುವ ಹೊಲದಲ್ಲೂ ಐದು ನಿಮಿಷ ಯಾರೂ ಬಾರದ ತೆನೆಗಳು ಬೇಕಾದಷ್ಟಿರುತ್ತವೆ. ಸೊನ್ನೆ ಬರೆಯುವುದಕ್ಕೂ ಐದು ನಿಮಿಷ ನಿಂತಿರಬೇಕು. ನಿಲ್ಲದವಳಿಗೆ ಸೊನ್ನೆ ಬರೆಯಲು ಧೈರ್ಯ ಬರಲಿಲ್ಲ. ಸೊನ್ನೆ ಕಂಡರೆ ಇವಳು ನೋಡಲೇ ಇಲ್ಲವೆಂದು ಯಾರಿಗಾದರೂ ಹೊಳೆದೀತು ಎಂದು ಪೆನ್ನು ಅಲ್ಲಿಗೆ ಬಂದಾಗಲೆಲ್ಲ ಎರಡೋ ಮೂರೋ ಗೀಚಿ ಮುಂದೆ ಹೋಯಿತು. ಹೀಗೆ ಹನ್ನೊಂದು ದಿನ. ಕೊನೆಯ ದಿನ ದಳ ಉದುರಿ ತೆನೆಗಳು ಕುತ್ತಿಗೆ ಬಾಗಿಸಿದಾಗ ಪುಸ್ತಕ ಮುಚ್ಚಿ ಮೂಟೆಯ ಧೂಳು ಕೊಡವಿಕೊಂಡು ಎದ್ದಳು. ಆ ಅಂಕಿಗಳೇ ಮುಂದೆ ಹಳದಿ ರಟ್ಟಿನ ಪುಸ್ತಕದಲ್ಲಿ ಅಚ್ಚಾದವು.

ದುಃಖದಲ್ಲಿದ್ದೆ ಎಂದು ಹೇಳಿಕೊಳ್ಳಬಹುದಿತ್ತು. ಅದು ಎಲ್ಲರೂ ಮೊದಲೇ ಹೊಲಿದು ಇಟ್ಟಿದ್ದ ಅಂಗಿ, ತೊಟ್ಟುಕೊಂಡರೆ ಮುಗಿದಿತ್ತು. ಆದರೆ ಆ ಹನ್ನೊಂದು ದಿನದಲ್ಲಿ ಒಮ್ಮೆಯೂ ಅವಳಿಗೆ ಅಳು ಬಂದಿರಲಿಲ್ಲ. ಗಂಡ ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯಲ್ಲೇ ಅವನ ಮೇಜು. ಆ ದಿನ ಅಲ್ಲಿಂದ ಅವಳನ್ನು ಕರೆದಿದ್ದ. ಅವಳು ಹಾಲಿನ ಪಾತ್ರೆಯ ತಳ ಕೆರೆಯುತ್ತಿದ್ದಳು. "ಬಂದೆ" ಎಂದಳು. ಮತ್ತೊಮ್ಮೆ ಕರೆದ, ಸ್ವಲ್ಪ ಸಣ್ಣ ದನಿಯಲ್ಲಿ. "ಬಂದೇರೀ, ಏನವಸರ" ಎಂದು ಪಾತ್ರೆ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು ಹೋದಳು. ಅವನು ಮೇಜಿನ ಮೇಲೆ ತಲೆಯಿಟ್ಟಿದ್ದ. ಒಂದು ಗಡಿಯಾರದ ಸಣ್ಣ ಸಣ್ಣ ಚಕ್ರಗಳು ಅವನ ಕೆನ್ನೆಗೆ ಅಂಟಿಕೊಂಡಿದ್ದವು. ಅವಳಿಗೆ ಮೊದಲು ಹೊಳೆದದ್ದು, ಇವು ಕಳೆದುಹೋದರೆ ಗಡಿಯಾರ ಕೊಟ್ಟವರಿಗೆ ಏನು ಹೇಳುವುದು ಎಂದು. ಒಂದೊಂದನ್ನೇ ಕೆನ್ನೆಯಿಂದ ಬಿಡಿಸಿ ಬಟ್ಟಲಿಗೆ ಹಾಕಿದಳು. ಅಂದಿನಿಂದ ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಾಳೆ, ಅಮ್ಮ ಕಲಿಸಿದ ಮಾತುಗಳನ್ನು ಒಂದೂ ಬಿಡದೆ ಹೇಳುತ್ತಾಳೆ, ಮುಗಿಯುತ್ತದೆ. ದೇವರು ಕೇಳಿಸಿಕೊಂಡನೇ ಎಂಬ ಸಂಶಯ ಅವಳಿಗೆ ಎಂದೂ ಬಂದಿಲ್ಲ. ಹೇಳಿದವಳು ಯಾರು ಎಂಬುದೇ ತಿಳಿಯುವುದಿಲ್ಲ. ಅಮ್ಮ ಒಂದು ಕಥೆ ಹೇಳುತ್ತಿದ್ದಳು. ದೇವರು ಎಲ್ಲ ಜೀವಿಗಳಿಗೂ ಕೆಲಸ ಹಂಚುತ್ತಿದ್ದನಂತೆ. ಎತ್ತಿಗೆ ಎಳೆಯುವುದು, ಇರುವೆಗೆ ಹೊರುವುದು, ಕಾಗೆಗೆ ಕೂಗುವುದು. ಜೇನು ದಾರಿಯಲ್ಲಿ ಎಲ್ಲೋ ತಡಮಾಡಿ ಬರುವಷ್ಟರಲ್ಲಿ ಕೆಲಸಗಳೆಲ್ಲ ಮುಗಿದಿದ್ದವು. ಅದು ಅಳುತ್ತ ಕೂತಿತು. ದೇವರು, ಹೋಗಲಿ ಬಿಡು ಮಗಾ, ನೀನು ಮನೆಮನೆಗೆ ಹೋಗಿ 'ಬಂದೆ' ಅಂತ ಹೇಳಿ ಬಾ, ಅಷ್ಟೇ ನಿನ್ನ ಕೆಲಸ ಎಂದನಂತೆ. "ಅದೂ ಒಂದು ಕೆಲಸಾನಾ ಅಮ್ಮಾ" ಎಂದು ತಮ್ಮ ನಗುತ್ತಿದ್ದ. "ಯಾರೂ ಬಾರದ ಮನೇಲಿ ಕೂತು ನೋಡು, ಗೊತ್ತಾಗುತ್ತೆ" ಎನ್ನುತ್ತಿದ್ದಳು ಅಮ್ಮ.

ಊಟದ ಹೊತ್ತಿಗೆ ನೀರಿನ ಟ್ಯಾಂಕಿನ ನೆರಳಲ್ಲಿ ಇಬ್ಬರೂ ಕೂತರು. ಅವಳ ಡಬ್ಬಿಯಲ್ಲಿದ್ದುದನ್ನು ಅರ್ಧ ಮಾಡಿ ಮುಚ್ಚಳದಲ್ಲಿ ಅವನಿಗಿಟ್ಟಳು. ಅವನು ತಿನ್ನುತ್ತ, ಹೆಂಡತಿ ಹೊಸದಾಗಿ ಕೊಂಡ ಮೇಕೆ ಬಟ್ಟೆ ತಿನ್ನುವುದನ್ನು ಹೇಳಿದ, ಮೊನ್ನೆ ಅವನ ಒಳ್ಳೆಯ ಅಂಗಿಯ ಒಂದು ತೋಳನ್ನೇ ನುಂಗಿತಂತೆ, "ಇನ್ನು ಒಂದೇ ಕೈಯಲ್ಲಿ ಮದುವೆಮನೆಗೆ ಹೋಗ್ಬೇಕು" ಎಂದು ನಕ್ಕ. ಟ್ಯಾಂಕಿನಿಂದ ಒಂದೊಂದೇ ಹನಿ ಬೀಳುತ್ತಿತ್ತು. ಅವಳು ಹೇಳಿದಳು. ಮೇಕೆಯ ಮಾತಿಗೆ ಮಾತು ಸೇರಿಸುವಷ್ಟೇ ಸಲೀಸಾಗಿ, ದನಿ ಏರಿಸದೆ ಇಳಿಸದೆ ಹೇಳಿದಳು.

"ಆ ಹುಳ ನಾನು ನೋಡಿದ್ದಲ್ಲ ಕಣೋ. ಕೋಣೇಲಿ ಕೂತು ಬರೆದೆ."

ಅವನು ಅಗಿಯುವುದನ್ನು ನಿಲ್ಲಿಸಿದ. "ಯಾವ ಹುಳ?"

"ಪುಸ್ತಕದಲ್ಲಿರೋ ಎಲ್ಲಾ. ಹನ್ನೊಂದು ದಿನದ್ದು."

ಬೈಯುತ್ತಾನೆ ಎಂದು ಅವಳು ಕಾದಳು. ಬೈದರೆ ಎಲ್ಲಾದರೂ ತಾಗೀತು ಎಂಬ ಆಸೆಯಂಥದ್ದೂ ಇತ್ತು. ಅವನು ಮುಚ್ಚಳ ತೊಳೆದು ತಂದು ಡಬ್ಬಿಗೆ ಹಾಕಿ ಒತ್ತಿ ಮುಚ್ಚಿದ.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ."

"ಹೇಳ್ಬೇಡ. ಇನ್ನು ಆರು ವರ್ಷ ಇದೆ ನಿಂಗೆ ಕೆಲಸ. ಭಾವನೂ ಇಲ್ಲ. ನೀನು ಸುಮ್ನಿರು, ನಾನು ನೋಡ್ಕೋತೀನಿ."

"ಏನ್ ನೋಡ್ಕೋತೀಯಾ?"

"ಸುಮ್ನಿರು ಅಂದ್ನಲ್ಲ" ಎಂದು ಎದ್ದುಹೋದ. ಏನು ಮಾಡಲು ಹೊರಟಿದ್ದಾನೆ ಎಂದು ಅವಳಿಗೆ ಆಗಲೇ ತಿಳಿಯಿತು. ತಡೆಯಬೇಕು ಎನ್ನುವುದೂ ತಿಳಿಯಿತು. ಡಬ್ಬಿ ಹಿಡಿದುಕೊಂಡು ಅಲ್ಲೇ ಕೂತಳು. ಹನಿಗಳನ್ನು ಎಣಿಸುತ್ತಿದ್ದೇನೆ ಎಂದು ಅರಿವಾದಾಗ ಅದು ಎಪ್ಪತ್ತು ದಾಟಿತ್ತು.

ಸಭೆಯ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು. ನಲವತ್ತು ಜನ ಇದ್ದಿರಬಹುದು, ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಜೊಳ್ಳು ತೆನೆ. ಹಿಂದಿನ ಸಾಲಿನಲ್ಲಿ ಪೆಟ್ಟಿಗೆಯಣ್ಣ ಕೂತಿದ್ದ. ಬೆಟ್ಟದಾಚೆಯಿಂದ ಬಸ್ಸು ಹಿಡಿದು ಬಂದಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಅವಳು ಎಂದಿನಂತೆ ಬದಿಯ ಮೇಜಿನಲ್ಲಿ ಕೂತು ನಡೆದದ್ದನ್ನು ಬರೆದುಕೊಳ್ಳಬೇಕಿತ್ತು. ಮುಖ್ಯಸ್ಥರು ಹುಳಗಳ ಉಪಕಾರದ ಬಗ್ಗೆ ಚೆನ್ನಾಗಿಯೇ ಮಾತನಾಡಿದರು. ಹುಳ ಬಂದರೆ ಕಾಳು ತೂಕ ಬರುತ್ತದೆ, ಎಣ್ಣೆ ಹೆಚ್ಚುತ್ತದೆ, ಹೂವಿನ ಹೊತ್ತಿನಲ್ಲಿ ಔಷಧಿ ಹೊಡೆಯುವುದೆಂದರೆ ಮನೆಗೆ ಬಂದ ನೆಂಟರಿಗೆ ವಿಷ ಬಡಿಸಿದಂತೆ ಎಂದರು. ಎಲ್ಲವೂ ಸತ್ಯ. ಅವಳು ಬರೆದುಕೊಂಡಳು. "ಹಾಗೆ ಯಾರಾದರೂ ಮಾಡಿದ್ದರೆ ಒಪ್ಕೊಳ್ಳಿ. ಶಿಕ್ಷೆ ಇಲ್ಲ, ಏನೂ ಇಲ್ಲ. ಕಾರಣ ಗೊತ್ತಾದ್ರೆ ಮುಂದಿನ ವರ್ಷಕ್ಕೆ ದಾರಿ ಗೊತ್ತಾಗುತ್ತೆ."

ಕುರ್ಚಿಯೊಂದು ಕಿರುಗುಟ್ಟಿತು. ತಮ್ಮ ಎದ್ದು ನಿಂತಿದ್ದ.

"ನಾನು ಹೊಡ್ದೆ."

"ಏನಂದೆ?"

"ಹೂವಿದ್ದಾಗಲೇ ಹೊಡ್ದೆ ಸಾರ್. ಎರಡು ಸಲ. ಬೆಳಿಗ್ಗೆ ಹೊತ್ತು."

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿದರು. ಅವನ ಪಕ್ಕದ ಹೊಲದವನು, ದಪ್ಪ ಮೀಸೆಯ ಮುದುಕ, ತನ್ನ ತೆನೆಯನ್ನು ಎತ್ತಿ ಅವನ ಮುಖಕ್ಕೆ ಹಿಡಿದು, "ನಿಮ್ಮಕ್ಕ ಹುಳ ಎಣಿಸ್ತಾಳೆ, ನೀನು ಹುಳ ಸಾಯಿಸ್ತೀಯ. ಒಳ್ಳೇ ಮನೆತನ ಕಣಯ್ಯಾ ನಿಮ್ದು!" ಎಂದ. ಯಾರೋ ನಕ್ಕರು. "ಪೆಟ್ಟಿಗೆ ಬೇಡ ಅಂತ ಕುಣಿದೋನೂ ಇವನೇ" ಎಂದಿತು ಇನ್ನೊಂದು ದನಿ. "ಈಗ ಗೊತ್ತಾಯ್ತು ಯಾಕಂತ. ಪೆಟ್ಟಿಗೆಯಣ್ಣ ಇದ್ದಿದ್ರೆ ಹೊಡೆಯೋಕೆ ಬಿಡ್ತಿದ್ನಾ?" ಹಿಂದಿನ ಸಾಲಿನಲ್ಲಿ ಪೆಟ್ಟಿಗೆಯಣ್ಣ ಎದ್ದು ನಿಂತು ತಮ್ಮನನ್ನೇ ನೋಡುತ್ತಿದ್ದ, ಬೈಯಲಿಲ್ಲ. ತಮ್ಮ ನಗುವುದಕ್ಕೆ ಪ್ರಯತ್ನಿಸುತ್ತಿದ್ದ. ಗಾಣದವನ ಮುಂದೆಯೂ ಹೀಗೇ ನಕ್ಕಿರಬೇಕು. ಮುಖ್ಯಸ್ಥರು ಬದಿಯ ಮೇಜಿನತ್ತ ತಿರುಗಿ, "ಬರ್ಕೊಳ್ಳಿ ಅಮ್ಮಾ" ಎಂದರು.

ಅವಳು ಬರೆಯಲು ಬಾಗಿದಳು. ಬೆಳೆಗಾರರೊಬ್ಬರು, ಹೂವಿನ ಅವಧಿಯಲ್ಲಿ, ಎರಡು ಬಾರಿ. ಕೈ ಅಷ್ಟರವರೆಗೆ ಬರೆಯಿತು. ಎಷ್ಟು ಚೆನ್ನಾಗಿ ಬರೆಯುತ್ತದೆ ಈ ಕೈ ಎಂದುಕೊಂಡಳು. ಬೆಳಿಗ್ಗೆ ಹೊತ್ತು ಎಂದೂ ಬರೆಯಲಿದೆ, ನಾಳೆ ಇದು ಅಚ್ಚಾಗುತ್ತದೆ, ಹಳದಿ ರಟ್ಟು, ಮೇಲೆ ಹೂವಿನ ಚಿತ್ರ. ಮುಂದಿನ ವರ್ಷವೂ ಪೆಟ್ಟಿಗೆ ಬರುವುದಿಲ್ಲ, ಅದರ ಮುಂದಿನ ವರ್ಷವೂ. ತಮ್ಮ ಬೀದಿಯಲ್ಲಿ ನಡೆದರೆ ಹುಳ ಕೊಂದವನು ಎಂದು ತೋರಿಸುತ್ತಾರೆ, ಅವನು ನಗುತ್ತಾನೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು. ಎದ್ದು ನಿಲ್ಲಬೇಕೆಂದು ನಿರ್ಧಾರ ಮಾಡಿದ ನೆನಪಿಲ್ಲ. ಮೊಣಕಾಲು ಮೇಜಿಗೆ ತಾಗಿ ನೀರಿನ ಲೋಟ ಉರುಳಿದ ಮೇಲೆ ತಾನು ನಿಂತಿದ್ದೇನೆ ಎಂದು ತಿಳಿಯಿತು.

"ಅವನು ಹೊಡ್ದಿಲ್ಲ."

"ಅಕ್ಕಾ, ಕೂತ್ಕೋ" ಎಂದ ತಮ್ಮ.

"ಅವನು ಹೊಡ್ದಿಲ್ಲ. ಹುಳ ಮೊದಲೇ ಇರ್ಲಿಲ್ಲವೋ ಏನೋ. ಪುಸ್ತಕದಲ್ಲಿರೋ ಹುಳ ನಾನು ನೋಡಿದ್ದಲ್ಲ. ನಾನು ಹೊಲಕ್ಕೆ ಇಳೀಲೇ ಇಲ್ಲ. ಕೋಣೇಲಿ ಕೂತು ಬರೆದೆ."

ಲೋಟದ ನೀರು ಅವಳು ಬರೆದ ಹಾಳೆಯ ಮೇಲೆ ಹರಿದು ಅಂಚಿನಿಂದ ಕೆಳಗೆ ಸುರಿಯುತ್ತಿತ್ತು. ಮುಖ್ಯಸ್ಥರ ಮುಖ ಒಂದು ಕ್ಷಣ ಏನೂ ತಿಳಿಯದವರಂತೆ ಖಾಲಿಯಾಯಿತು. ಆಮೇಲೆ ಅವರು ಮೈಕನ್ನು ಕೈಯಿಂದ ಮುಚ್ಚಿ, ಮೆಲ್ಲಗೆ, ನಿಜವಾದ ಕನಿಕರದಿಂದ, "ಅಮ್ಮಾ, ಆಗ ನಿಮ್ಮ ಯಜಮಾನ್ರು ಹೋಗಿ ಹದಿನೈದು ದಿನ ಆಗಿತ್ತಷ್ಟೇ. ದುಃಖದಲ್ಲಿ ಒಂದೆರಡು ದಿನ ಹೆಚ್ಚುಕಮ್ಮಿ ಆಗಿರುತ್ತೆ. ನಮಗೆ ಅರ್ಥ ಆಗುತ್ತೆ" ಎಂದರು.

"ದುಃಖ ಇರ್ಲಿಲ್ಲ ಸಾರ್" ಎಂದಳು. "ಇದ್ದಿದ್ರೆ ಹೇಳ್ತಿದ್ದೆ. ಎರಡು ದಿನ ಅಲ್ಲ, ಹನ್ನೊಂದೂ. ನಿಜವಾಗಿ ನೋಡಿದ್ರೆ ಸೊನ್ನೆ ಬಂದೇ ಬರುತ್ತೆ. ಅದರಲ್ಲಿ ಒಂದೂ ಇಲ್ಲ, ನೋಡಿ."

ನಲವತ್ತು ಜನ ಅವಳನ್ನು ನೋಡುತ್ತಿದ್ದರು. ಮೀಸೆಯ ಮುದುಕ ತೆನೆಯನ್ನು ಕೆಳಗಿಳಿಸಿದ. ಹಿಂದಿನಿಂದ ಪೆಟ್ಟಿಗೆಯಣ್ಣ, ಸಂತೆಯಲ್ಲಿ ದಾರಿ ಕೇಳುವವನಂತೆ, "ಹಂಗಾದ್ರೆ ನಿಜವಾಗಿ ಎಷ್ಟು ಬಂದಿದ್ವು ತಾಯಿ?" ಎಂದ.

"ಗೊತ್ತಿಲ್ಲ ಅಣ್ಣಾ."

"ಅಂದಾಜು?"

"ಅಂದಾಜೇ ಆ ಪುಸ್ತಕದಲ್ಲಿರೋದು."

ಆಮೇಲೆ ಗಲಾಟೆಯಾಯಿತು. ಅದರಲ್ಲಿ ಅವಳ ಮೇಲೆ ಬಿದ್ದ ಮಾತುಗಳು ಕೆಲವು, ಮುಖ್ಯಸ್ಥರ ಮೇಲೆ ಕೆಲವು, ಕೇಳಿದರೂ ಒಂದಕ್ಕೊಂದು ಕೂಡಿಕೊಳ್ಳಲಿಲ್ಲ. ಅಟೆಂಡರು ಬಂದು ಮೇಜು ಒರೆಸಿದ. ಮುಖ್ಯಸ್ಥರು ಹಳೆಯ ಎಣಿಕೆಯ ಪುಸ್ತಕವನ್ನು ಕಪಾಟಿನಿಂದ ತರಿಸಿ, ಪುಟ ತಿರುವಿ, ಇನ್ನೊಮ್ಮೆ ತಿರುವಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಬಾಗಿಲಲ್ಲಿ ನಿಂತು, ಅವಳ ಕಡೆ ನೋಡದೆ, "ನಾಳೆಯಿಂದ ಬರಬೇಡಿ ಅಂತ ನಾನು ಹೇಳಲ್ಲ. ಹೇಳೋರು ಹೇಳ್ತಾರೆ" ಎಂದರು. ಪೆಟ್ಟಿಗೆಯಣ್ಣನ ಸುತ್ತ ಆಗಲೇ ಏಳೆಂಟು ಜನ ಸೇರಿದ್ದರು. ಮುಂದಿನ ಹೂವಿಗೆ ಪೆಟ್ಟಿಗೆ ತರುತ್ತೀಯಾ ಎಂದು ಕೇಳುತ್ತಿದ್ದರು. ಅವನು, "ಈ ವರ್ಷ ಬೇಡವಾಗಿದ್ದೆ, ಮುಂದಿನ ವರ್ಷಕ್ಕೆ ಅಳಿಯ ಆದ್ನಾ?" ಎನ್ನುತ್ತಿದ್ದ. ಬರುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ತಮ್ಮ ಹೊರಗೆ ಬೈಕಿನ ಮೇಲೆ ಕೂತು ಇಂಜಿನ್ ಶುರುಮಾಡಿದ್ದ. ಹೊರಟಿರಲಿಲ್ಲ. ಅವಳು ಹತ್ತಿರ ಬಂದರೂ ತಿರುಗಲಿಲ್ಲ.

"ನಾನು ಕೇಳಿದ್ನಾ ನಿನ್ನ?" ಎಂದ. "ನಾನು ಹೇಳಾಗಿತ್ತು. ಮುಗಿದಿತ್ತು. ಈಗ ನಾನೂ ಸುಳ್ಳ, ನೀನೂ ಸುಳ್ಳಿ. ಇಬ್ಬರಲ್ಲಿ ಒಬ್ಬರಾದ್ರೂ ಉಳೀತಿದ್ವಲ್ಲೇ. ನಾಳೆ ನಾನು ಮಳೆ ಬಂತು ಅಂದ್ರೂ ಅವ್ರು ಆಕಾಶ ನೋಡಿ ನಂಬಬೇಕು."

ಬಿಸಿಲು ಇನ್ನೂ ಇತ್ತು. ಅವನ ಅಂಗಿಯ ಬೆನ್ನು ಒದ್ದೆಯಾಗಿ ಅಂಟಿಕೊಂಡಿತ್ತು. ಆ ಬೆನ್ನನ್ನು ಎಷ್ಟೋ ಕಾಲದ ಮೇಲೆ ನೋಡುತ್ತಿದ್ದೇನೆ ಎನಿಸಿತು.

"ಭಾವ ಹೋದಾಗ ನೀನು ಅಳಲಿಲ್ಲ" ಎಂದ, ಇಂಜಿನ್ನಿನ ಸದ್ದಿನ ಮೇಲೆ, ಜೋರಾಗಿ. "ನನ್ನ ಹೆಂಡ್ತಿ ಕೇಳಿದ್ಲು, ಏನ್ರೀ ನಿಮ್ಮಕ್ಕ ಕಲ್ಲಾ ಅಂತ. ನಾನು ಬೈದೆ ಅವಳಿಗೆ. ನಮ್ಮಕ್ಕ ಜನದ ಮುಂದೆ ಅಳೋಳಲ್ಲ ಕಣೇ, ದಿನಾ ಹೊಲದಲ್ಲಿ ನಿಂತಿರ್ತಾಳೆ, ಹೂವಿನ ಮುಂದೆ, ಒಬ್ಬಳೇ, ಅಲ್ಲಿ ಅಳ್ತಾಳೆ ಅಂದೆ. ಎರಡು ವರ್ಷದಿಂದ ಹಂಗೇ ಅಂದ್ಕೊಂಡಿದೀನಿ. ನಂಗೆ ಅದೊಂದು ಸಮಾಧಾನ ಇತ್ತು."

"ಹೋಗಲಿಲ್ಲ ಕಣೋ" ಎಂದಳು ಅವಳು. "ಅಲ್ಲಿಗೂ ಹೋಗಲಿಲ್ಲ."

ಅವನು ಈಗ ತಿರುಗಿ ಅವಳ ಮುಖ ನೋಡಿದ. ಏನನ್ನೋ ಹುಡುಕುವವನಂತೆ ಒಂದಿಷ್ಟು ಹೊತ್ತು ನೋಡಿದ. ಆಮೇಲೆ ಕೀಲಿ ತಿರುಗಿಸಿ ಇಂಜಿನ್ ಆರಿಸಿದ, ಸ್ಟ್ಯಾಂಡ್ ಹಾಕಿದ, ಬೈಕಿನಿಂದ ಇಳಿದು ಬಂದು ಅವಳ ಪಕ್ಕದಲ್ಲಿ ನಿಂತ.